ಬೊಗಸೆ ಹಾಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಕಟ್ಟಿದವನು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿರಲಿಲ್ಲ. ಹುಡುಕಿದ್ದರೂ ಅವನು ಮಾದಿಗರ ಕೇರಿಯವನಾಗಿರಲಿಲ್ಲ. ಆಗಿದ್ದಿದ್ದರೆ ಗಾದೆ ಬೇರೆಯೇ ಇರುತ್ತಿತ್ತು.

ಶ್ವೇತಾಳಿಗೆ ಜಯನಗರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು. ಅಷ್ಟರೊಳಗೆ ಮನೆ ಆಗಬೇಕು. ಬಿಟಿಎಂ ಲೇಔಟಿನ ಪಿಜಿಯಲ್ಲಿ ಗೆಳತಿ ಪ್ರೇರಣಾಳ ಮಂಚದ ಅರ್ಧದಲ್ಲಿ ಮಲಗುತ್ತಿದ್ದಳು. ಪಿಜಿಯ ಆಂಟಿ ದಿನಾ ಬೆಳಗ್ಗೆ "ನಿಮ್ಮ ಗೆಸ್ಟು ಇನ್ನೂ ಹೋಗ್ಲಿಲ್ವಾ?" ಅಂತ ಪ್ರೇರಣಾಳನ್ನು ಕೇಳುತ್ತಿದ್ದರು. ಒಬ್ಬಳೇ ಆಗಿದ್ದರೆ ಶ್ವೇತಾ ಯಾವುದಾದರೂ ಪಿಜಿಯಲ್ಲಿ ಬಿದ್ದುಕೊಂಡಿರುತ್ತಿದ್ದಳು. ಆದರೆ ಅವ್ವ ಇದ್ದಳು. ಅವ್ವ ತುರುವೇಕೆರೆಯಲ್ಲಿ ಬೀದಿ ಗುಡಿಸಿ, ಚರಂಡಿ ಬಾಚಿ ರಿಟೈರಾಗಿದ್ದಳು. ಕೆಲಸ ಮುಗಿದ ಮೇಲೆ ಕ್ವಾರ್ಟರ್ಸ್ ಬಿಡಬೇಕು, ಅದು ಕಾನೂನು. ಬಿಟ್ಟರೆ ಅವಳಿಗೆ ಬೇರೆ ಸೂರಿಲ್ಲ. ಮಗಳು ಹಿಡಿಯುವ ಮನೆಯೇ ಅವಳ ಮನೆ.

"ನಲ್ಲಿ ಒಳಗೇ ಇರೋ ಮನೆ ನೋಡು ಮಗ" ಅಂತ ಅವ್ವ ಫೋನಿನಲ್ಲಿ ಹೇಳಿದ್ದಳು. "ಹಾಲು ನಾನೇ ಉಕ್ಕಿಸ್ತೀನಿ." ಅಷ್ಟೇ ಅವಳ ಬೇಡಿಕೆ.

ಮನೆಗಳು ಖಾಲಿ ಇದ್ದವು. ಗೇಟಿಗೊಂದು ಬೋರ್ಡು. ಯಡಿಯೂರಿನಲ್ಲಿ ಒಬ್ಬರು ಬಾಗಿಲನ್ನು ಅರ್ಧ ತೆರೆದು, "ನಾನ್ ವೆಜ್ ಮಾಡ್ತೀರಾ?" ಎಂದರು. "ಭಾನುವಾರ ಮಾತ್ರ" ಎಂದಳು ಶ್ವೇತಾ. ಬಾಗಿಲು ಪೂರ್ತಿ ಮುಚ್ಚಿತು. ಜಯನಗರದ ಚಕ್ರಪಾಣಿ ಅನ್ನುವ ಹಿರಿಯರು ತುಂಬ ಮರ್ಯಾದಸ್ಥರು. ಕೂರಿಸಿದರು, ಫ್ಯಾನ್ ಹಾಕಿದರು, ಊರು ಕೇಳಿದರು, ಓದು ಕೇಳಿದರು. ಆಮೇಲೆ "ನಿಮ್ಮಲ್ಲಿ ಹಬ್ಬ ಯಾವ್ಯಾವ್ದು ಮಾಡ್ತೀರಮ್ಮ?" ಎಂದರು. ಜಾತಿ ಕೇಳುವುದಕ್ಕೆ ಎಷ್ಟೊಂದು ಸಂಸ್ಕಾರವಂತ ದಾರಿಗಳಿವೆ! ಹೊಸಕೆರೆಹಳ್ಳಿಯ ಮುದುಕನಿಗೆ ಆ ಸಂಸ್ಕಾರವೂ ಇರಲಿಲ್ಲ. "ಯಾವ ಜನ?" ಅಂದ. "ಎಸ್ಸಿ" ಅಂದಳು. "ನಮ್ಮ ಅಳಿಯನೇ ಬರ್ತಾನಂತೆ, ಮರೆತೇಬಿಟ್ಟಿದ್ದೆ ನೋಡಿ" ಅಂದ. ಮಾರನೆಯ ದಿನವೂ ಗೇಟಿನ ಮೇಲೆ ಬೋರ್ಡು ಹಾಗೇ ತೂಗುತ್ತಿತ್ತು.

ಮೊದಲು ತುಮಕೂರಿನ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುವಾಗ ಅವಳು ಎಂಥೆಂಥವರ ತೋಳಿಗೆ ಸೂಜಿ ಚುಚ್ಚಿದ್ದಳು. ಅವರ ರಕ್ತ ಅವಳ ಕೈಕೆಳಗಿನ ಮಿಷನ್ನಿನೊಳಗೆ ಹೋಗಿ, ತೊಳೆದು, ವಾಪಸ್ ಅವರ ಮೈಗೆ ಸೇರುತ್ತಿತ್ತು. ಅಲ್ಲಿ ಯಾರೂ ಯಾವ ಜನ ಅಂತ ಕೇಳಿರಲಿಲ್ಲ. ಜೀವ ಉಳಿಸಿಕೊಳ್ಳುವಾಗ ಕೇಳುವುದಿಲ್ಲ. ಮನೆ ಬಾಡಿಗೆಗೆ ಕೊಡುವಾಗ ಕೇಳುತ್ತಾರೆ.

ಬ್ರೋಕರ್ ಸೋಮನಾಥ್ ಕೆಟ್ಟವನಲ್ಲ. ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬನಶಂಕರಿ ಎಲ್ಲ ಸುತ್ತಿಸಿದ್ದ. ಗುರುವಾರ ಕುಮಾರಸ್ವಾಮಿ ಲೇಔಟಿನ ಒಂದು ಮನೆಯ ತಿರುವಿನಲ್ಲಿ ಬೈಕ್ ನಿಲ್ಲಿಸಿದ.

"ಮೇಡಂ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಈ ಏರಿಯಾದಲ್ಲಿ ನಿಜ ಹೇಳಿ ಮನೆ ಹಿಡಿದೋರನ್ನ ನಾನು ನೋಡಿಲ್ಲ. ನೀವೇನೂ ಸುಳ್ಳು ಹೇಳ್ಬೇಡಿ. ಸುಮ್ನಿರಿ ಅಷ್ಟೇ. ಅವರೇ ಏನೋ ಅಂದ್ಕೊಂಡ್ರೆ ಅದು ಅವರ ತಲೆನೋವು. ನಿಮ್ಮ ತಾಯಿ ಹೆಸ್ರೇನು?"

"ಸಿದ್ದಗಂಗಮ್ಮ."

ಸೋಮನಾಥನ ಮುಖ ಅರಳಿತು. "ಸಖತ್ ಹೆಸ್ರು ಮೇಡಂ! ಇದನ್ನ ಮೊದ್ಲೇ ಹೇಳೋದಲ್ವಾ?"

ತುಮಕೂರು ಸೀಮೆಯಲ್ಲಿ ಆ ಹೆಸರು ಎಲ್ಲ ಕೇರಿಯಲ್ಲೂ ಇದೆ. ಬೆಂಗಳೂರಿಗೆ ಅದು ಗೊತ್ತಿಲ್ಲ, ಕೇಳಿದ ಕೂಡಲೇ ಲಿಂಗಾಯತರು ಅಂದುಕೊಳ್ಳುತ್ತದೆ. ಸೋಮನಾಥ್ ಪರ್ಸಿನಿಂದ ವಿಭೂತಿಯ ಪೊಟ್ಟಣ ತೆಗೆದ. ಶ್ವೇತಾ ಹೆಬ್ಬೆರಳು ಅದ್ದಿದಳು. "ಅಯ್ಯೋ, ಹಂಗಲ್ಲ, ಮೂರು ಬೆರಳು" ಅಂತ ತೋರಿಸಿಕೊಟ್ಟ. ಅವಳು ಬೈಕಿನ ಕನ್ನಡಿಯಲ್ಲಿ ನೋಡಿಕೊಂಡು ಮೂರು ಗೆರೆ ಎಳೆದಳು. ಕನ್ನಡಿಯಲ್ಲಿದ್ದವಳು ಅವಳ ಕಣ್ಣು ತಪ್ಪಿಸಿದಳು.

ಮನೆಯ ಯಜಮಾನರು ಮರುಳಸಿದ್ದಪ್ಪ, ಸರ್ಕಾರಿ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ಸರ್ವಮಂಗಳಾ. ನಡುಮನೆಯ ಗೋಡೆಯ ಮೇಲೆ ಜಾತಿ ಬಿಡಿ ಅಂದ ಶರಣರ ಫೋಟೊ, ಅದಕ್ಕೆ ಪ್ಲಾಸ್ಟಿಕ್ ಹಾರ. ಸರ್ವಮಂಗಳಾ ಶ್ವೇತಾಳ ಹಣೆ ನೋಡಿದರು. ತಾಯಿಯ ಹೆಸರು ಕೇಳಿದರು. ಹೇಳಿದಳು.

"ರೀ, ನಮ್ಮೋರೇ ಕಣ್ರೀ! ನನ್ ತವರು ಗುಬ್ಬಿ ಹತ್ರಾನೇ ಕಣಮ್ಮ. ನಿಮ್ದು ತುರುವೇಕೆರೆನಾ? ಅಲ್ಲಿ ನಮ್ ಚಿಕ್ಕಪ್ಪೋರಿದ್ರು."

ಶ್ವೇತಾ ಹೌದು ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ. ಸುಮ್ಮನೆ ನಕ್ಕಳು. ಆ ನಗು ಎಲ್ಲ ಹೇಳಿತು. ಮರುಳಸಿದ್ದಪ್ಪ ಬೀಗದ ಕೈ ತಂದರು. ಮೇಲಿನ ಮನೆ. ಅಡುಗೆಮನೆಯಲ್ಲಿ ನಲ್ಲಿ. ತಿರುಗಿಸಿದರೆ ನೀರು ಬಂತು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಹಿಂದೆಯೇ ಹಣೆಯ ಮೇಲಿನ ಗೆರೆಗಳ ನೆನಪಾಯಿತು.

ಅಂದೇ ಅಗ್ರಿಮೆಂಟಾಯಿತು. ಯಾರ್ಯಾರು ಇರುವವರು ಅನ್ನುವ ಕಡೆ ತಾಯಿಯ ಹೆಸರೂ ಬಂತು. ಹೊರಡುವಾಗ ಸರ್ವಮಂಗಳಾ ಚಟ್ನಿಪುಡಿಯ ಡಬ್ಬಿ ಕೈಗಿಟ್ಟರು. "ಪಿಜೀಲಿ ಏನ್ ತಿಂತೀಯೋ ಏನೋ. ಭಾನುವಾರ ಬೆಳಗ್ಗೆ ರಾಹುಕಾಲ ಇಲ್ಲ, ಹಾಲುಕ್ಕಿಸಿಬಿಡು. ನಿಮ್ಮಮ್ಮ ಬರ್ಲಿ. ಹಿರೀರ ಕೈಯಲ್ಲೇ ಆಗ್ಬೇಕು." ಅವಳ ಕೆನ್ನೆ ಸವರಿ ನೆಟಿಗೆ ಮುರಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಪ್ರೀತಿಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಇನ್ಯಾರಿಗೋ ಬಂದ ಪಾರ್ಸೆಲ್ಲನ್ನು ಸಹಿ ಹಾಕಿ ತೆಗೆದುಕೊಂಡ ಹಾಗಿತ್ತು.

ರಾತ್ರಿ ಪಿಜಿಯ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಫೋನು ಮಾಡಿದಳು. ಪಾಠ ಹೇಳಿದಳು.

"ಅವ್ವ, ಅವರ ಮುಂದೆ ನಿನ್ನ ಅಮ್ಮ ಅಂತೀನಿ. ಅವ್ವ ಅನ್ನಲ್ಲ. ನೀನು ಬುದ್ದಿ ಗಿದ್ದಿ ಅನ್ಬೇಡ. ಶರಣು ಅನ್ನು. ಚಪ್ಪಲಿ ಗೇಟಲ್ಲಿ ಬಿಡ್ಬೇಡ, ಮೇಲೆ ಬಾಗಿಲ ಹತ್ರ ಬಿಡು. ಕೆಲಸ ಏನು ಮಾಡ್ತಿದ್ರಿ ಅಂದ್ರೆ ಮುನ್ಸಿಪಾಲ್ಟಿ ಅನ್ನು, ಅಷ್ಟೇ ಸಾಕು. ಜಾಸ್ತಿ ಮಾತಾಡ್ಬೇಡ."

ಅವ್ವ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು. ಆಮೇಲೆ "ಆಯ್ತು ಕಣವ್ವ" ಎಂದಳು. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಶ್ವೇತಾಳಿಗೆ ಜಗಳವಾಡುವುದಕ್ಕಾದರೂ ಆಗುತ್ತಿತ್ತು.

ಭಾನುವಾರ ಬೆಳಗ್ಗೆ ಮೆಜೆಸ್ಟಿಕ್ಕಿನಲ್ಲಿ ಅವ್ವನನ್ನು ಇಳಿಸಿಕೊಂಡು ಬನಶಂಕರಿ ಬಸ್ ಸ್ಟ್ಯಾಂಡಿಗೆ ಕರೆತಂದಳು. ಅವ್ವ ಹೊಸ ಸೀರೆ ಉಟ್ಟಿದ್ದಳು. ಕಾಲಲ್ಲಿ ಒಡಕು, ಅಂಗೈಯಲ್ಲಿ ಪೊರಕೆ ಹಿಡಿದು ಬಿದ್ದ ಜಡ್ಡು. ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಹಿಡಿ ಹಿಡಿದ ಹಾಗೇ ಬಾಗಿದ್ದವು. ಬ್ಯಾಗಿನಿಂದ ವಾಸನೆ ಬರುತ್ತಿತ್ತು.

"ಏನವ್ವ ಇದು?"

"ಒಣಮೀನು. ನಿಂಗೆ ಇಷ್ಟ ಅಲ್ವಾ? ಸಂತೇಲಿ ಚೆನ್ನಾಗಿರೋದು ಸಿಕ್ತು."

ಶ್ವೇತಾ ಬ್ಯಾಗಿನಿಂದ ಪೊಟ್ಟಣ ಕಿತ್ತುಕೊಂಡು ಕಸದ ಡಬ್ಬಿಯ ಕಡೆ ನಡೆದಳು. ಅವ್ವ ಬೇಡ ಅನ್ನಲಿಲ್ಲ. ಹಿಂದಿನಿಂದ ಒಂದೇ ಮಾತು ಹೇಳಿದಳು. "ಬಾಯಿ ಕಟ್ಟಿ ಹಾಕು ಮಗ. ಬಿಚ್ಚಿದ್ರೆ ಬಾಚೋರ ಕೈಗೆಲ್ಲಾ ಅಂಟ್ಕೋತದೆ."

ಶ್ವೇತಾ ಬಾಯಿ ಕಟ್ಟಿ ಹಾಕಿದಳು. ಕೈ ಮೂಸಿಕೊಂಡಳು. ಬಾಟಲಿ ನೀರಲ್ಲಿ ತೊಳೆದು, ಆಮೇಲೆ ಅದೇ ಕೈಯಿಂದ ಅವ್ವನ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದಳು. ಅವ್ವ ಮಗುವಿನ ಹಾಗೆ ಕಣ್ಣು ಮುಚ್ಚಿ ಹಣೆ ಒಡ್ಡಿದಳು. ತನ್ನನ್ನು ಓದಿಸಿದ ಮುಖಕ್ಕೆ ತಾನು ಬೂದಿ ಬಳಿಯುತ್ತಿದ್ದೇನೆ ಅಂತ ಶ್ವೇತಾಳಿಗೆ ಅನ್ನಿಸಿತು. ಅನ್ನಿಸಿದರೂ ಕೈ ನಿಲ್ಲಿಸಲಿಲ್ಲ. ಗೆರೆ ಸೊಟ್ಟಗಾಗಿದೆಯಾ ಅಂತ ನೋಡಿದಳು.

ಆಟೋ ಇಳಿದು ಗೇಟು ತೆಗೆಯುವಷ್ಟರಲ್ಲಿ ಅವ್ವ ಬೀದಿಯಲ್ಲೇ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡಿದ್ದಳು. "ಹಾಕ್ಕೋ!" ಅಂತ ಶ್ವೇತಾ ಹಲ್ಲು ಕಚ್ಚಿ ಗದರಿದಳು. ಅವ್ವ ಗಾಬರಿಯಾಗಿ ಹಾಕಿಕೊಂಡಳು. ಒಂಟಿ ಕಾಲಲ್ಲಿ ತೂರಾಡಿ ಗೇಟು ಹಿಡಿದುಕೊಳ್ಳಲು ಹೋದವಳು ಹಿಡಿಯದೆ ಕೈ ಹಿಂದಕ್ಕೆ ತೆಗೆದಳು. ಗೇಟು ಮುಟ್ಟಬಾರದು ಅನ್ನುವುದು ಅವಳ ಮೈಗೆ ಗೊತ್ತಿತ್ತು.

ಮೇಲಿನ ಮನೆಯಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಸರ್ವಮಂಗಳಾ ರಂಗೋಲಿ ಹಾಕಿ, ತಟ್ಟೆಯಲ್ಲಿ ಹೂವು, ಬಾಳೆಹಣ್ಣು ಇಟ್ಟುಕೊಂಡು ಕಾಯುತ್ತಿದ್ದರು. ನಿಮ್ಮ ಪಾತ್ರೆ ಇನ್ನೂ ಬಿಚ್ಚಿರಲ್ಲ ಅಂತ ತಮ್ಮ ಮನೆಯ ಸ್ಟೀಲ್ ಲೋಟಗಳನ್ನೂ ತಂದಿದ್ದರು. ಲೋಟದ ಮೇಲೆ ಅವರ ಹೆಸರು ಕೊರೆದಿತ್ತು. ಅವ್ವ "ಶರಣು" ಎಂದಳು. ಚೆನ್ನಾಗಿಯೇ ಅಂದಳು. ಸರ್ವಮಂಗಳಾ ಕೈ ಮುಗಿದರು. ಮರುಳಸಿದ್ದಪ್ಪ ಬಾಗಿಲಲ್ಲಿ ನಿಂತು, "ಬನ್ನಿ ಬನ್ನಿ, ಪ್ರಯಾಣ ಆರಾಮಾಯ್ತಾ?" ಎಂದರು.

ಅವ್ವ ಒಲೆ ಹಚ್ಚಿದಳು. ಹೊಸ ಪಾತ್ರೆಗೆ ಹಾಲು ಸುರಿದಳು. ಉರಿಯ ಮೇಲೆ ಕಣ್ಣಿಟ್ಟು ನಿಂತಳು. ಹಾಲು ಅಂಚಿಗೆ ಬಂತು, ನಿಂತಿತು, ಪೂರ್ವ ದಿಕ್ಕಿಗೆ ಉಕ್ಕಿತು. "ಉಕ್ತು ಮಗ!" ಅಂತ ಅವ್ವ ಕೂಗಿದಳು. ಅಷ್ಟು ಜೋರು ದನಿಯನ್ನು ಶ್ವೇತಾ ಎಂದೂ ಕೇಳಿರಲಿಲ್ಲ. ಅವ್ವ ನಲ್ಲಿ ತಿರುಗಿಸಿ ನೋಡಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಈ ಒಂದು ಗಳಿಗೆಗಾಗಿ ಎಲ್ಲ ಸುಳ್ಳೂ ಮಾಫಿ ಅಂತ ಶ್ವೇತಾ ತನಗೆ ತಾನೇ ಹೇಳಿಕೊಂಡಳು.

ಹಾಲು ಆರಿತು. ಅವ್ವ ದಣಿದು ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಸರ್ವಮಂಗಳಾ ಲೋಟ ತುಂಬಿಸಿಕೊಂಡು ಬಂದರು.

"ಮೊದ್ಲು ನೀವು ತಗೊಳ್ಳಿ. ಹಿರೀರು."

ಅವ್ವನ ಎರಡೂ ಕೈ ಮೇಲೆದ್ದವು. ಲೋಟದ ಕಡೆಗಲ್ಲ. ಗಲ್ಲದ ಕೆಳಗೆ ಬಂದು ಒಂದಕ್ಕೊಂದು ಕೂಡಿ ಬೊಗಸೆಯಾದವು. ತಲೆ ಬಾಗಿತು. ಬಾಯಿ ಬೊಗಸೆಯ ಅಂಚಿಗೆ ತಾಗಿ ಕಾಯುತ್ತ ನಿಂತಿತು.

ಬೀದಿ ಗುಡಿಸುವಾಗ ಬಾಯಾರಿದರೆ ಅವ್ವ ನೀರು ಕುಡಿಯುತ್ತಿದ್ದದ್ದು ಹೀಗೆ. ಮನೆಯವರು ಚೊಂಬು ಎತ್ತಿ ಸುರಿಯುತ್ತಿದ್ದರು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಶ್ವೇತಾ ಅದನ್ನು ನೋಡಿದ್ದಳು. ನೋಡಿಯೂ ನೋಡದ ಹಾಗೆ ದಾಟಿ ಹೋಗಿದ್ದಳು.

ಸರ್ವಮಂಗಳಾ ಆ ಬೊಗಸೆಯನ್ನು ನೋಡಿದರು. ಗುಬ್ಬಿ ಹತ್ತಿರದ ತವರುಮನೆಯ ಹಿತ್ತಿಲಲ್ಲಿ ಅಂಥ ಬೊಗಸೆಗಳನ್ನು ಅವರೂ ನೋಡಿದ್ದರು. ಅವರ ಕೈ ತಾನಾಗಿ ಮೇಲೆ ಹೋಯಿತು. ಲೋಟವನ್ನು ಎತ್ತಿ, ತಾಗದ ಹಾಗೆ, ಮೇಲಿನಿಂದ ಹಾಲು ಸುರಿದರು.

ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಕೇಳುವ ಕೈಗೂ ಗೊತ್ತಿತ್ತು, ಸುರಿಯುವ ಕೈಗೂ ಗೊತ್ತಿತ್ತು. ಹಾಲು ಅವ್ವನ ಬಾಗಿದ ಬೆರಳುಗಳ ಸಂದಿನಿಂದ ಸೋರಿ ಹೊಸ ಸೀರೆಯ ಮೇಲೆ, ನೆಲದ ಮೇಲೆ ಬಿತ್ತು. ಅವ್ವ ಗಟಗಟ ಕುಡಿದಳು. ಕುಡಿದು ಮುಗಿಸಿ ತಲೆ ಎತ್ತಿದಾಗಲೇ ಅವಳಿಗೆ ತಾನೇನು ಮಾಡಿದೆ ಅನ್ನುವುದು ತಿಳಿದದ್ದು. ಅವಳು ಮೊದಲು ನೋಡಿದ್ದು ಮಗಳ ಮುಖ.

ಸರ್ವಮಂಗಳಾ ಲೋಟವನ್ನು ನೆಲದ ಮೇಲಿಟ್ಟರು. ತಟ್ಟೆ, ಹೂವು, ಉಳಿದ ಲೋಟಗಳನ್ನು ತೆಗೆದುಕೊಂಡು ಕೆಳಗಿಳಿದು ಹೋದರು. ಆ ಒಂದು ಲೋಟ ಮಾತ್ರ ಅಲ್ಲೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಕೆಳಗೆ ಹೋಗಿದ್ದ ಮರುಳಸಿದ್ದಪ್ಪ ಮತ್ತೆ ಹತ್ತಿ ಬಂದರು. ಹೊಸ್ತಿಲ ಆಚೆಯೇ ನಿಂತರು.

"ನೋಡಮ್ಮ, ನಾವು ಜಾತಿ ಗೀತಿ ನೋಡೋರಲ್ಲ. ಆಫೀಸಲ್ಲಿ ನಿಮ್ಮೋರ ಜತೆ ಒಂದೇ ಟೇಬಲ್ನಲ್ಲಿ ಊಟ ಮಾಡಿದೀನಿ. ಆದ್ರೆ ಸುಳ್ಳು ಹೇಳಿದ್ರಲ್ಲ, ಅದೇ ಬೇಜಾರು."

ಶ್ವೇತಾ ತಲೆ ತಗ್ಗಿಸಿದಳು. ಅದು ನಿಜವಾಗಿತ್ತು.

"ನಮ್ಮ ಮಂಗಳಾ ಪೂಜೆ ಪುನಸ್ಕಾರದೋಳು. ಅಳ್ತಾ ಕೂತಿದಾಳೆ. ಹಂಗಂತ ನಿನ್ನನ್ನ ಬೀದಿಗೆ ತಳ್ಳೋಕಾಗತ್ತಾ? ನಾಳೆ ಡ್ಯೂಟಿಗೆ ಸೇರ್ಬೇಕು ಅಂತಿದ್ಯಲ್ಲ. ನೀನು ಓದಿರೋ ಹುಡುಗಿ. ನೀಟಾಗಿದೀಯ. ನೀನೊಬ್ಳು ಇರು. ಅಕ್ಕಪಕ್ಕದೋರಿಗೂ ಗೊತ್ತಾಗಲ್ಲ. ಆದ್ರೆ ನಿಮ್ ತಾಯಿ..." ಅವರು ಅವ್ವನ ಕಡೆ ನೋಡದೆಯೇ ಕೈ ತೋರಿಸಿದರು. "ಅವರು ಊರಲ್ಲೇ ಇದ್ರೆ ಒಳ್ಳೇದು. ನೀನೇ ಹೋಗಿ ನೋಡ್ಕೊಂಡ್ ಬಾ."

ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಬಾಡಿಗೆಯೂ ಬೇಕು, ಮಡಿಯೂ ಬೇಕು.

ಶ್ವೇತಾ ಆಗಲೇ ಆ ಮಾತನ್ನು ಅವರ ಮುಖಕ್ಕೆ ಎಸೆದಳು ಅಂತ ಬರೆಯಲು ಆಸೆ. ಎಸೆಯಲಿಲ್ಲ. ಅವಳ ಮನಸ್ಸು ಲೆಕ್ಕಕ್ಕೆ ಕೂತಿತು. ನಾಳೆ ಸೋಮವಾರ. ಅವ್ವನನ್ನು ಒಂದೆರಡು ತಿಂಗಳು ಸೋದರಮಾವನ ಮನೆಯಲ್ಲಿ ಬಿಡಬಹುದು. ಆಮೇಲೆ ಬೇರೆ ಮನೆ ನೋಡಬಹುದು. ಅಷ್ಟೆಲ್ಲ ಯೋಚಿಸಿದಳು. ಅಷ್ಟು ಹೊತ್ತು ಸುಮ್ಮನಿದ್ದಳು. ಬೀಗದ ಕೈ ಸಿಕ್ಕ ದಿನ ಸುಮ್ಮನಿದ್ದ ಹಾಗೆಯೇ.

ಆ ಮೌನ ಅವ್ವನಿಗೆ ಅರ್ಥವಾಯಿತು. ಅವಳು ಮೆಲ್ಲಗೆ ಎದ್ದಳು. ಸೆರಗಿನಿಂದ ನೆಲದ ಮೇಲಿನ ಹಾಲು ಒರೆಸಿದಳು. ಬ್ಯಾಗು ತೆಗೆದುಕೊಂಡಳು.

"ನಾನು ಹೋಯ್ತೀನಿ ಬುದ್ದಿ. ಮಗೀಗೆ ಏನೂ ಅನ್ಬ್ಯಾಡಿ. ಅದು ಕಷ್ಟಪಟ್ಟು ಓದೈತೆ."

ಬುದ್ದಿ ಅಂದಳು. ಮಗಳು ಹೇಳಿಕೊಟ್ಟದ್ದೆಲ್ಲ ಉದುರಿಹೋಗಿತ್ತು. ಬಾಗಿಲ ಹತ್ತಿರ ಬಗ್ಗಿ ಚಪ್ಪಲಿ ಎತ್ತಿ ಕೈಯಲ್ಲಿ ಹಿಡಿದುಕೊಂಡಳು. ಮರುಳಸಿದ್ದಪ್ಪ ಅವಳಿಗೆ ದಾರಿ ಬಿಡಲು ಎರಡು ಹೆಜ್ಜೆ ಹಿಂದೆ ಸರಿದರು. ಒಂದು ಸಾಕಾಗಿತ್ತು. ಅವರು ಎರಡು ಸರಿದರು.

ಆ ಎರಡನೆಯ ಹೆಜ್ಜೆ ಶ್ವೇತಾಳ ಎದೆಗೆ ಒದ್ದಿತು.

"ಅವ್ವ, ಚಪ್ಪಲಿ ಕೆಳಗಿಡು."

ಅವ್ವ ನಿಂತಳು.

"ಇಡವ್ವ ಕೆಳಗೆ! ಎಲ್ಲೂ ಹೋಗ್ಬೇಡ." ಆಮೇಲೆ ಮರುಳಸಿದ್ದಪ್ಪನವರ ಕಡೆ ತಿರುಗಿದಳು. "ಅಂಕಲ್, ನಾವು ಮಾದಿಗ್ರು. ನಮ್ಮವ್ವ ಬೀದಿ ಗುಡಿಸ್ತಿದ್ಳು. ನಾನು ಸುಳ್ಳು ಹೇಳ್ದೆ. ತಪ್ಪು. ಆದ್ರೆ ಆ ತಪ್ಪು ನಿಮಗೆ ಮಾಡಿದ್ದಲ್ಲ. ನಮ್ಮವ್ವಂಗೆ ಮಾಡಿದ್ದು. ಕ್ಷಮೆ ಕೇಳೋದಿದ್ರೆ ಅವಳನ್ನ ಕೇಳ್ತೀನಿ. ನಿಮ್ಮನ್ನ ಕೇಳಲ್ಲ."

"ಅದೇನಮ್ಮ ಹಂಗೆ ಮಾತಾಡ್ತೀಯ? ಒಳ್ಳೆ ಮಾತಲ್ಲಿ ಹೇಳಿದ್ರೆ..."

"ಅಗ್ರಿಮೆಂಟಲ್ಲಿ ಅವಳ ಹೆಸರೂ ಇದೆ. ಇಬ್ರೂ ಇರ್ತೀವಿ. ಖಾಲಿ ಮಾಡಿಸ್ಬೇಕು ಅಂದ್ರೆ ಕಾರಣ ಬರೆದು ಕೊಡಿ. ಮಾದಿಗರು, ಅದಕ್ಕೆ ಖಾಲಿ ಮಾಡಿಸ್ತಿದೀವಿ ಅಂತ ಬರೆದು ಸೈನ್ ಹಾಕಿ. ಅದನ್ನ ಎಲ್ಲಿ ಕೊಡ್ಬೇಕೋ ಅಲ್ಲಿ ಕೊಡ್ತೀನಿ."

ಮರುಳಸಿದ್ದಪ್ಪ ಬರೆಯುವವರಲ್ಲ. ಸರ್ಕಾರಿ ಕೆಲಸ ಮಾಡಿದವರು, ಯಾವುದನ್ನು ಬರೆಯಬಾರದು ಅಂತ ಗೊತ್ತಿದ್ದವರು. "ಉಪಕಾರ ಮಾಡೋಕೆ ಬಂದ್ರೆ ನಮ್ ಮೇಲೇ ತಿರುಗಿ ಬೀಳ್ತಾರೆ" ಅಂತ ಗೊಣಗುತ್ತ ಮೆಟ್ಟಿಲಿಳಿದರು. ಕೆಳಗೆ ಬಾಗಿಲು ದಡಾರನೆ ಹಾಕಿಕೊಂಡಿತು.

ಶ್ವೇತಾ ಗೋಡೆಗೆ ಒರಗಿ ಕೂತಳು. ಅವ್ವ ಎದುರಿಗೆ ಕೂತಳು. ಅವಳ ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿತ್ತು.

"ತಪ್ಪಾಯ್ತು ಮಗ" ಎಂದಳು ಅವ್ವ. "ಮಾತಾಡೋದು ಹೇಳ್ಕೊಟ್ಟೆ. ಚಪ್ಪಲಿ ಬಿಡೋದು ಹೇಳ್ಕೊಟ್ಟೆ. ಎಲ್ಲಾ ಬಸ್ಸಲ್ಲಿ ಬಾಯಿಪಾಠ ಮಾಡ್ಕೊಂಡೇ ಬಂದೆ. ಕುಡಿಯೋದು ಹೆಂಗೆ ಅಂತ ನೀನು ಹೇಳ್ಕೊಡ್ಲಿಲ್ಲ. ಹೇಳ್ಕೊಟ್ಟಿದ್ರೆ ಹಂಗೇ ಕುಡೀತಿದ್ದೆ."

ಅವಳು ಚುಚ್ಚಿ ಹೇಳಲಿಲ್ಲ. ನಿಜವಾಗಿ ಬೇಜಾರಿನಿಂದ ಹೇಳಿದಳು, ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಬಂದವಳ ಹಾಗೆ. ಶ್ವೇತಾ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಕೈಯಲ್ಲಿ ಇನ್ನೂ ಒಣಮೀನಿನ ವಾಸನೆ ಇತ್ತು.

ಆಮೇಲೆ ಎದ್ದಳು. ಒದ್ದೆ ಬಟ್ಟೆಯಿಂದ ಅವ್ವನ ಹಣೆ ಒರೆಸಿದಳು, ತನ್ನ ಹಣೆಯನ್ನೂ ಒರೆಸಿಕೊಂಡಳು. ನೆಲದ ಮೇಲೆ ಉಳಿದಿದ್ದ ಆ ಲೋಟವನ್ನು ತೆಗೆದುಕೊಂಡು ಪಾತ್ರೆಯಲ್ಲಿದ್ದ ಹಾಲನ್ನು ತುಂಬಿಸಿದಳು.

"ತಗೋ."

ಅವ್ವನ ಕೈಗಳು ಮತ್ತೆ ಮೇಲೆದ್ದವು. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮುಂದೆಯೂ ಅವು ಬೊಗಸೆಯಾಗಲು ಹೊರಟವು. ಶ್ವೇತಾ ಆ ಕೈಗಳನ್ನು ಹಿಡಿದು ಬಿಡಿಸಿದಳು. ಬಾಗಿದ ಬೆರಳುಗಳನ್ನು ಒಂದೊಂದಾಗಿ ಲೋಟದ ಸುತ್ತ ಕೂರಿಸಿದಳು.

"ಕಚ್ಚಿ ಕುಡಿ ಅವ್ವ."

"ಅವರ ಲೋಟ ಕಣೆ."

"ಅದಕ್ಕೇ."

ಅವ್ವ ತುಟಿ ಇಟ್ಟಳು. ಮೊದಲು ಹೆದರಿ, ಆಮೇಲೆ ನಿಧಾನವಾಗಿ ಪೂರ್ತಿ ಕುಡಿದಳು. ಲೋಟದ ಅಂಚಿನಲ್ಲಿ, ಕೊರೆದ ಹೆಸರಿನ ಮೇಲೆ, ಹಾಲಿನ ತುಟಿಗುರುತು ಉಳಿಯಿತು. ತೊಳೆಯಲು ಅವಳು ನಲ್ಲಿಯ ಕಡೆ ಹೋದಳು. ಶ್ವೇತಾ ಬಿಡಲಿಲ್ಲ.

ಹಾಗೇ ತೆಗೆದುಕೊಂಡು ಕೆಳಗಿಳಿದಳು. ಬೆಲ್ ಒತ್ತಿದಳು. ಸರ್ವಮಂಗಳಾ ಬಾಗಿಲು ತೆರೆದರು. ಅತ್ತು ಅತ್ತು ಕಣ್ಣು ಊದಿದ್ದವು. ಕೆನ್ನೆ ಸವರಿ ನೆಟಿಗೆ ಮುರಿದ ಹೆಂಗಸು. ಆದರೂ ಶ್ವೇತಾ ಕೈ ಮುಂದೆ ಚಾಚಿದಳು.

"ಆಂಟಿ, ನಿಮ್ಮ ಲೋಟ. ನಮ್ಮವ್ವ ಕಚ್ಚಿ ಕುಡಿದಿದಾಳೆ. ತಗೊಳ್ಳಿ."

ಸರ್ವಮಂಗಳಾ ಲೋಟ ನೋಡಿದರು. ಅವಳ ಮುಖ ನೋಡಿದರು. ಅವರ ಬಲಗೈ ಸೆರಗಿನೊಳಗಿಂದ ಸ್ವಲ್ಪ ಹೊರಗೆ ಬಂತು. ಅಲ್ಲೇ ನಿಂತಿತು.

ಮೇಲಿನಿಂದ ನಲ್ಲಿಯ ಸದ್ದು ಕೇಳುತ್ತಿತ್ತು. ಅವ್ವ ತಿರುಗಿಸುತ್ತಿದ್ದಳು, ನಿಲ್ಲಿಸುತ್ತಿದ್ದಳು. ಶ್ವೇತಾ ಕೈ ಚಾಚಿಕೊಂಡೇ ನಿಂತಿದ್ದಳು. ತೋಳು ನೋಯತೊಡಗಿತು. ಇಳಿಸಲಿಲ್ಲ.